ಟೇಬಲ್ ಸಾ ಮೇಲೆ ಮರ ಸರಾಗವಾಗಿ ಜಾರಬೇಕಾದರೆ: ಜಿಡ್ಡು ತೆಗೆಯುವುದರಿಂದ ಮೇಣ ಹಚ್ಚುವವರೆಗೆ

"ಮೇಣ ಹಚ್ಚಿದೆ, ಎರಡೇ ದಿನಕ್ಕೆ ಮರ ಮತ್ತೆ ಹಿಡಿಯುತ್ತಿದೆ." "ತುಕ್ಕು ತೆಗೆದೆ, ಮರುದಿನ ಬೆಳಿಗ್ಗೆ ನೋಡಿದರೆ ಮತ್ತೆ ಕೆಂಪು." ಟೇಬಲ್ ಸಾ (ಟೇಬಲ್ ನಡುವೆ ಗುಂಡು ಬ್ಲೇಡ್ ತಿರುಗುವ, ಮರ ಸೀಳುವ ಮಷೀನು) ಇಟ್ಟುಕೊಂಡವರಿಂದ ಈ ಎರಡು ಮಾತನ್ನು ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಇವರು ಕೈಗೆಟುಕುವ ಒಳ್ಳೆಯ ಮೇಣವನ್ನೇ ತಂದಿರುತ್ತಾರೆ. ಬೆವರು ಸುರಿಸಿ ಉಜ್ಜಿಯೂ ಇರುತ್ತಾರೆ. ತಪ್ಪಿರುವುದು ಕೆಲಸದ ಕ್ರಮದಲ್ಲಿ. ಜಿಡ್ಡಿನ ಮೇಲೆ ಮೇಣ ಕೂರುವುದಿಲ್ಲ. ತೇವದ ಮೇಲೆ ಮೇಣ ಹಚ್ಚಿದರೆ ತೇವವನ್ನು ಒಳಗೇ ಕೂಡಿಹಾಕಿದಂತೆ. ಟೇಬಲ್ ಜಾರುವುದರಲ್ಲಿ ಮುಕ್ಕಾಲು ಪಾಲು ಕೆಲಸ ಮೇಣದ ಡಬ್ಬಿ ತೆರೆಯುವ ಮೊದಲೇ ಮುಗಿದಿರಬೇಕು.

ಇದು ಹೊಳಪಿನ ವಿಷಯ ಅಲ್ಲ. ಟೇಬಲ್ ಹಿಡಿಯುತ್ತಿದ್ದರೆ ನೀವು ಮರವನ್ನು ಜೋರಾಗಿ ತಳ್ಳುತ್ತೀರಿ. ಜೋರಾಗಿ ತಳ್ಳುವ ಕೈ ಒಮ್ಮೆ ಜಾರಿದರೆ ಹೋಗಿ ನಿಲ್ಲುವುದು ಬ್ಲೇಡಿನ ಕಡೆಗೆ. ಮರ ತಡೆದು ತಡೆದು ಹೋಗುವಾಗ ಸ್ವಲ್ಪ ತಿರುಗಿಬಿಟ್ಟರೂ ಸಾಕು, ಬ್ಲೇಡಿನ ಹಿಂಬದಿಯ ಹಲ್ಲು ಅದನ್ನು ಎತ್ತಿ ನಿಮ್ಮ ಹೊಟ್ಟೆಯ ಕಡೆಗೇ ಎಸೆಯುತ್ತದೆ. 10 ಇಂಚಿನ ಬ್ಲೇಡ್ ನಿಮಿಷಕ್ಕೆ 4000 ಸುತ್ತು ತಿರುಗಿದರೆ ಹಲ್ಲಿನ ತುದಿಯ ವೇಗ ಗಂಟೆಗೆ ಸುಮಾರು 190 ಕಿಲೋಮೀಟರ್. ಆ ವೇಗದಲ್ಲಿ ಚಿಮ್ಮುವ ಹಲಗೆಯನ್ನು ಯಾರೂ ಕೈಯಲ್ಲಿ ತಡೆಯಲಾರರು. ಅದಕ್ಕೇ ನಾನು ಇದನ್ನು ಸುರಕ್ಷತೆಯ ಕೆಲಸ ಅಂತಲೇ ಲೆಕ್ಕಕ್ಕೆ ಹಿಡಿಯುತ್ತೇನೆ.

ನನ್ನ ಶೆಡ್ ಇರುವುದು ಉಡುಪಿಯ ಹತ್ತಿರ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೂ ಬೆವರುವ ಊರು. ಇಲ್ಲಿ ಬರೆದಿರುವುದೆಲ್ಲ ಆ ಹವೆಯಲ್ಲಿ ಮಾಡಿ ನೋಡಿದ್ದು. ಬಯಲುಸೀಮೆಯವರಿಗೆ ಎಲ್ಲಿ ಬದಲಾವಣೆ ಬೇಕೋ ಅಲ್ಲಿ ಹೇಳುತ್ತೇನೆ.

## ಮೊದಲು ನಿಮ್ಮ ಟೇಬಲ್ ಯಾವುದರದ್ದು ಎಂದು ನೋಡಿ

ಒಂದು ಅಯಸ್ಕಾಂತ ತನ್ನಿ. ಟೇಬಲ್ ಮೇಲೆ ಇಡಿ.

ಗಟ್ಟಿಯಾಗಿ ಹಿಡಿದುಕೊಂಡರೆ ಅದು ಬೀಡು ಕಬ್ಬಿಣ (ಎರಕ ಹೊಯ್ದದ್ದು) ಅಥವಾ ಎಂ.ಎಸ್. ಪ್ಲೇಟ್ (ಮೈಲ್ಡ್ ಸ್ಟೀಲ್ ಎಂಬ ಸಾಮಾನ್ಯ ಉಕ್ಕಿನ ಹಲಗೆ). ದೊಡ್ಡ ಮಷೀನುಗಳಲ್ಲಿ ಸಾಮಾನ್ಯವಾಗಿ ಬೀಡು ಇರುತ್ತದೆ. ಲೋಕಲ್ ವರ್ಕ್‌ಶಾಪಿನಲ್ಲಿ ವೆಲ್ಡ್ ಮಾಡಿಸಿದ ಟೇಬಲ್ ಆದರೆ ಎಂ.ಎಸ್. ಪ್ಲೇಟ್. ಎರಡಕ್ಕೂ ಕೆಳಗಿನ ಎಲ್ಲ ಹಂತಗಳೂ ಅನ್ವಯ. ಹೊಸ ಎಂ.ಎಸ್. ಪ್ಲೇಟ್ ಮೇಲೆ ಬೂದು-ಕಪ್ಪು ಬಣ್ಣದ ಗಟ್ಟಿ ಪದರ ಇರಬಹುದು. ಅದು ಗಟ್ಟಿಯಾಗಿ ಕೂತಿದ್ದರೆ ಹಾಗೇ ಬಿಡಿ.

ಅಯಸ್ಕಾಂತ ಹಿಡಿಯದಿದ್ದರೆ ಅಲ್ಯೂಮಿನಿಯಂ. ಸೈಟಿಗೆ ಹೊತ್ತೊಯ್ಯುವ ಹಗುರ ಮಷೀನುಗಳಲ್ಲಿ ಹೆಚ್ಚಾಗಿ ಇದೇ ಇರುತ್ತದೆ. ಇದಕ್ಕೆ ಕೆಂಪು ತುಕ್ಕು ಹಿಡಿಯುವುದಿಲ್ಲ. ಆದರೆ ಮೇಲ್ಮೈ ಮಂಕಾಗಿ, ಬಿಳಿ ಮರದ ಮೇಲೆ ಬೂದು ಗೆರೆ ಬಿಡುತ್ತದೆ. ಅಲ್ಯೂಮಿನಿಯಂ ಇದ್ದವರು ಹಂತ 5 ಬಿಟ್ಟುಬಿಡಿ. ಪಾತ್ರೆ ತೊಳೆಯುವ ಸೋಪಿನ ನೀರು, ಮೆತ್ತನೆ ಬಟ್ಟೆ, ಆಮೇಲೆ ಮೇಣ ಅಷ್ಟೇ. ಕಾಸ್ಟಿಕ್ ಸೋಡಾ ಇರುವ ಯಾವುದನ್ನೂ ಹತ್ತಿರ ತರಬೇಡಿ, ಅದು ಅಲ್ಯೂಮಿನಿಯಂ ಅನ್ನೇ ತಿನ್ನುತ್ತದೆ. ಉಪ್ಪು ಕಾಗದವೂ ಬೇಡ. ಕೆಲವು ಟೇಬಲ್‌ಗಳಿಗೆ ಕಂಪನಿಯಲ್ಲೇ ತೆಳು ಲೇಪ ಕೊಟ್ಟಿರುತ್ತಾರೆ, ಉಜ್ಜಿದರೆ ಅದು ಹೋಗುತ್ತದೆ.

ಪ್ಲೈವುಡ್ ಟೇಬಲ್‌ಗೆ ಸನ್ಮೈಕ ಅಂಟಿಸಿ, ಅಡಿಯಿಂದ ಕಟ್ಟರ್ (ಕೈಯಲ್ಲಿ ಹಿಡಿದು ಮರ ಕೊಯ್ಯುವ ಮಷೀನು) ಕಟ್ಟಿಕೊಂಡವರೂ ಜಾಸ್ತಿ ಇದ್ದಾರೆ. ಅವರು ಹಿಂಡಿದ ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಗಿಸಿ, ನೇರವಾಗಿ ಹಂತ 7ಕ್ಕೆ ಹೋಗಬಹುದು.

## ಬೇಕಾದ ಸಾಮಾನು

ಎಲ್ಲವನ್ನೂ ಮೊದಲೇ ಕೈಯಳತೆಯಲ್ಲಿ ಇಟ್ಟುಕೊಳ್ಳಿ. ತುಕ್ಕು ತೆಗೆದ ಮೇಲೆ "ಮೇಣ ಎಲ್ಲಿ" ಅಂತ ಪೇಟೆಗೆ ಹೋಗಿ ಬರುವಷ್ಟರಲ್ಲಿ ಹೊಸ ತುಕ್ಕು ಶುರುವಾಗಿರುತ್ತದೆ.

- ಪೇಂಟರ್‌ಗಳ ಪಟ್ಟಿ (ಲಪ್ಪ ಅಂದರೆ ಪುಟ್ಟಿ ಎಳೆಯುವ ತೆಳು ತಗಡಿನದು) ಮತ್ತು ಒಂದು ಪ್ಲಾಸ್ಟಿಕ್ ಪಟ್ಟಿ
- ಪೇಂಟ್ ಅಂಗಡಿಯ ಟರ್ಪೆಂಟೈನ್ ಅರ್ಧ ಲೀಟರ್
- ಫ್ರೆಂಚ್ ಪಾಲಿಶ್‌ಗೆ ಬಳಸುವ ಸ್ಪಿರಿಟ್ ಕಾಲು ಲೀಟರ್
- 320, 400, 600 ನಂಬರಿನ ವಾಟರ್ ಪೇಪರ್ (ಒದ್ದೆ ಮಾಡಿ ಉಜ್ಜಬಹುದಾದ ಉಪ್ಪು ಕಾಗದ), ತಲಾ ಎರಡು
- ಪಾತ್ರೆ ತಿಕ್ಕುವ ಹಸಿರು ಪ್ಯಾಡ್, ಹೊಸದು
- ಅಂಗೈ ಅಗಲದ, ಅಡಿ ಸಮತಟ್ಟಾಗಿ ರಂದಾ ಹೊಡೆದ ಮರದ ತುಂಡು
- ಒಗೆದು ಒಣಗಿಸಿದ ಹಳೆ ಪಂಚೆ ಅಥವಾ ಬನಿಯನ್ ಬಟ್ಟೆ, ಸಾಕಷ್ಟು
- ಹಳೆ ಟೂತ್‌ಬ್ರಶ್, ಎರಡು ಇಂಚಿನ ಪೇಂಟ್ ಬ್ರಶ್
- ಪೇಸ್ಟ್ ಮೇಣ
- ರಬ್ಬರ್ ಗ್ಲೌಸ್, ಮಾಸ್ಕ್, ಕನ್ನಡಕ

ಉಕ್ಕಿನ ಉಣ್ಣೆಯನ್ನು (ಸ್ಟೀಲ್ ವೂಲ್) ಬೇಕೆಂದೇ ಬಿಟ್ಟಿದ್ದೇನೆ. ಅದರ ಸಣ್ಣ ಎಳೆಗಳು ಬ್ಲೇಡಿನ ಸಂದಿಯಿಂದ ಕೆಳಗೆ ಉದುರಿ ಮೋಟರಿನೊಳಗೆ ಹೋಗುತ್ತವೆ. ಅವು ಕರೆಂಟ್ ಹಾಯಿಸುವ ಎಳೆಗಳು. ಹಸಿರು ಪ್ಯಾಡ್ ಅದೇ ಕೆಲಸವನ್ನು ಆ ಅಪಾಯವಿಲ್ಲದೆ ಮಾಡುತ್ತದೆ.

## ಹಂತ 1: ಪ್ಲಗ್ ಕೀಳಿ, ಬ್ಲೇಡ್ ಇಳಿಸಿ

ಸ್ವಿಚ್ ಆಫ್ ಮಾಡುವುದು ಸಾಲದು. ಪ್ಲಗ್ ಕಿತ್ತು, ಅದನ್ನು ನಿಮ್ಮ ಕಣ್ಣಿಗೆ ಕಾಣುವಂತೆ ಟೇಬಲ್ ಪಕ್ಕದಲ್ಲೇ ಇಡಿ. ತ್ರೀ ಫೇಸ್ ಮಷೀನಾದರೆ ಮೇನ್ ಆಫ್ ಮಾಡಿ, ಬೋರ್ಡ್ ಮೇಲೆ "ಕೆಲಸ ನಡೆಯುತ್ತಿದೆ" ಎಂದು ಚೀಟಿ ಅಂಟಿಸಿ. ಶೆಡ್ಡಿನಲ್ಲಿ ಇನ್ನೊಬ್ಬರು ಇದ್ದರೆ ಬಾಯಿಬಿಟ್ಟು ಹೇಳಿ.

ಬ್ಲೇಡನ್ನು ಟೇಬಲ್ ಮಟ್ಟದಿಂದ ಕೆಳಕ್ಕೆ ಇಳಿಸಿ. ಸಾಧ್ಯವಿದ್ದರೆ ಬಿಚ್ಚಿ ತೆಗೆದುಬಿಡಿ, ಅದನ್ನೂ ತೊಳೆಯಬಹುದು. ಫೆನ್ಸ್ (ಉದ್ದಕ್ಕೆ ಸೀಳುವಾಗ ಮರ ಆನಿಸುವ ನೇರ ಪಟ್ಟಿ), ಮೈಟರ್ ಗೇಜ್ (ಅಡ್ಡ ಕೊಯ್ಯುವಾಗ ಮರ ಹಿಡಿದು ತೋಡಿನಲ್ಲಿ ಓಡುವ ಕೋನದ ಅಳತೆ), ಬ್ಲೇಡ್ ಸುತ್ತಲಿನ ಪ್ಲೇಟ್ ಎಲ್ಲ ತೆಗೆದಿಡಿ. ಸಂದಿಯ ಮೇಲೆ ಮಾಸ್ಕಿಂಗ್ ಟೇಪ್ ಹಚ್ಚಿ ಮುಚ್ಚಿದರೆ ಕೊಳೆ ಕೆಳಗೆ ಬೀಳುವುದಿಲ್ಲ.

ಈ ಕೆಲಸಕ್ಕೆ ಮೋಡವಿಲ್ಲದ ದಿನ ಬೆಳಿಗ್ಗೆ ಹತ್ತೂವರೆಯ ನಂತರ ಕೈಹಾಕಿ. ಬೆಳಗಿನ ಹೊತ್ತು ಬೀಡು ರಾತ್ರಿಯ ತಂಪು ಹಿಡಿದುಕೊಂಡೇ ಇರುತ್ತದೆ. ಸುತ್ತಲಿನ ಗಾಳಿ ಮಾತ್ರ ಬೇಗ ಬಿಸಿಯಾಗುತ್ತದೆ. ಆಗ ಗಾಳಿಯ ತೇವ ಕಬ್ಬಿಣದ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾಗಿ ಕೂರುತ್ತದೆ. ತಣ್ಣೀರಿನ ಚೆಂಬು ಹೊರಗೆ ಬೆವರುತ್ತದಲ್ಲ, ಹಾಗೆ.

## ಹಂತ 2: ಈಗಿನ ಸ್ಥಿತಿ ಅಳೆದು ಬರೆದಿಡಿ

ಇದನ್ನು ಯಾರೂ ಮಾಡುವುದಿಲ್ಲ. ಅದಕ್ಕೇ ಕೆಲಸ ಸರಿಯಾಯಿತೋ ಇಲ್ಲವೋ ಕೊನೆಗೂ ಗೊತ್ತಾಗುವುದಿಲ್ಲ.

ರಂದಾ ಹೊಡೆದ ಎರಡಡಿ ಹಲಗೆಯ ತುದಿಗೆ ಒಂದು ಕೊಕ್ಕೆ ಸಿಕ್ಕಿಸಿ. ಮೇಲೆ ಎರಡು ಲೀಟರ್ ನೀರಿನ ಬಾಟಲಿ ಇಡಿ. ಗ್ಯಾಸ್ ಸಿಲಿಂಡರೋ ಮೀನೋ ತೂಗುವ ಸ್ಪ್ರಿಂಗ್ ತಕ್ಕಡಿ ಮನೆಯಲ್ಲಿದ್ದರೆ ಅದನ್ನು ಕೊಕ್ಕೆಗೆ ಹಾಕಿ, ಅಡ್ಡಲಾಗಿ ನಿಧಾನ ಎಳೆಯಿರಿ. ಹಲಗೆ ಒಂದೇ ಸಮ ಚಲಿಸುವಾಗ ಮುಳ್ಳು ಎಲ್ಲಿದೆ ಎಂದು ಬರೆದುಕೊಳ್ಳಿ. ತಕ್ಕಡಿ ಸಣ್ಣ ಅಳತೆಯದಾದಷ್ಟೂ ಒಳ್ಳೆಯದು. ತಕ್ಕಡಿ ಇಲ್ಲದಿದ್ದರೆ ಒಂದೇ ಬೆರಳಿನಲ್ಲಿ ತಳ್ಳಿ ನೋಡಿ. ಎಲ್ಲಿ ತಡೆಯುತ್ತದೆ ಅಲ್ಲಿ ಸೀಮೆಸುಣ್ಣದಲ್ಲಿ ಗುರುತು ಹಾಕಿ.

ಇನ್ನೊಂದು ಪರೀಕ್ಷೆ: ಒಂದು ಹನಿ ನೀರು ಬಿಡಿ. ಕೆಸುವಿನ ಎಲೆಯ ಮೇಲಿನ ಹನಿಯಂತೆ ಗುಂಡಗೆ ನಿಂತರೆ ಹಳೆ ಮೇಣವೋ ಎಣ್ಣೆಯೋ ಇನ್ನೂ ಇದೆ. ಹರಡಿಕೊಂಡು ಚಪ್ಪಟೆಯಾದರೆ ಕಬ್ಬಿಣ ಬರಿಮೈಯಲ್ಲಿದೆ. ನೋಡಿದ ಕೂಡಲೇ ಹನಿ ಒರೆಸಿಬಿಡಿ.

## ಹಂತ 3: ಗಟ್ಟಿ ಕಸ ಕೆರೆಯಿರಿ

1. ಹೊಟ್ಟು, ಧೂಳನ್ನು ಬ್ರಶ್ಶಿನಿಂದ ಗುಡಿಸಿ. ವ್ಯಾಕ್ಯೂಮ್ ಇದ್ದರೆ ಇನ್ನೂ ಒಳ್ಳೆಯದು. ಬಾಯಿಂದ ಊದಬೇಡಿ, ಉಗುಳಿನ ಹನಿಯೂ ತುಕ್ಕಿಗೆ ದಾರಿ.

2. ಒಣಗಿದ ಫೆವಿಕಾಲ್ ಬೊಟ್ಟು, ಮರದ ರಾಳ, ಪ್ಲೈವುಡ್ಡಿನ ಅಂಟು ಇವನ್ನು ಪಟ್ಟಿಯಿಂದ ಕೆರೆಯಿರಿ. ಪಟ್ಟಿಯನ್ನು ಆದಷ್ಟು ಮಲಗಿಸಿ ಹಿಡಿಯಿರಿ. ನೆಟ್ಟಗೆ ಹಿಡಿದರೆ ಮೂಲೆ ಕಬ್ಬಿಣಕ್ಕೆ ಗೀರು ಹಾಕುತ್ತದೆ. ಅಲ್ಯೂಮಿನಿಯಂ, ಸನ್ಮೈಕಕ್ಕೆ ಪ್ಲಾಸ್ಟಿಕ್ ಪಟ್ಟಿ ಮಾತ್ರ.

3. ಫೆವಿಕಾಲ್ ಬರದಿದ್ದರೆ ಅದರ ಮೇಲೆ ಮಾತ್ರ ಬಿಸಿನೀರಿನ ಬಟ್ಟೆ ಐದು ನಿಮಿಷ ಇಡಿ. ಮೆತ್ತಗಾಗಿ ಏಳುತ್ತದೆ. ಎದ್ದ ತಕ್ಷಣ ಒಣ ಬಟ್ಟೆಯಲ್ಲಿ ಒರೆಸಿ.

ಈ ಹಂತ ಬಿಟ್ಟು ನೇರ ಉಪ್ಪು ಕಾಗದ ಹಿಡಿದವರಿಗೆ ಏನಾಗುತ್ತದೆ ಗೊತ್ತಾ? ರಾಳ ಬಿಸಿಯಾಗಿ ಕಾಗದಕ್ಕೆ ಮೆತ್ತಿಕೊಳ್ಳುತ್ತದೆ. ಆಮೇಲೆ ಅದೇ ರಾಳವನ್ನು ಇಡೀ ಟೇಬಲ್‌ಗೆ ಸಾರಿಸಿದ ಹಾಗಾಗುತ್ತದೆ.

## ಹಂತ 4: ಜಿಡ್ಡು ತೆಗೆಯಿರಿ

ಹೆಚ್ಚಿನವರು ಸೋಲುವುದು ಇಲ್ಲಿಯೇ. ತುಕ್ಕು ಬರಬಾರದೆಂದು ಯಾರೋ ತೆಂಗಿನೆಣ್ಣೆ ಹಚ್ಚಿರುತ್ತಾರೆ, ಯಾರೋ ಹಳೆ ಎಂಜಿನ್ ಆಯಿಲ್. ಎಣ್ಣೆ ಒಂದೆರಡು ದಿನ ಜಾರುತ್ತದೆ, ನಿಜ. ಆಮೇಲೆ ಮರದ ಪುಡಿ ಅದರಲ್ಲಿ ಕಲೆತು ಅಂಟಂಟು ಪಾಕವಾಗುತ್ತದೆ. ಅದು ನಿಮ್ಮ ಹಲಗೆಗೂ ಹತ್ತುತ್ತದೆ. ಆಮೇಲೆ ಅಲ್ಲಿ ಪಾಲಿಶ್ ಹಿಡಿಯುವುದಿಲ್ಲ.

1. ಬಟ್ಟೆಗೆ ಟರ್ಪೆಂಟೈನ್ ಹಾಕಿ ಒಂದಡಿ ಚೌಕದಷ್ಟು ಜಾಗ ಒರೆಸಿ. ಬಟ್ಟೆ ಕಪ್ಪಾದ ಕೂಡಲೇ ಮಡಚಿ ಹೊಸ ಮುಖ ತೆಗೆದುಕೊಳ್ಳಿ. ಅದೇ ಕಪ್ಪು ಮುಖದಲ್ಲಿ ಮುಂದುವರಿದರೆ ಜಿಡ್ಡು ಜಾಗ ಬದಲಿಸುತ್ತದೆಯೇ ಹೊರತು ಹೋಗುವುದಿಲ್ಲ.

2. ಹಟಮಾರಿ ಜಾಗಕ್ಕೆ ಟರ್ಪೆಂಟೈನ್ ಹನಿಸಿ, ಹತ್ತು ನಿಮಿಷ ಬಿಟ್ಟು, ಹಸಿರು ಪ್ಯಾಡಿನಲ್ಲಿ ತಿಕ್ಕಿ.

3. ಬಿಳಿ ಬಟ್ಟೆಯಲ್ಲಿ ಒರೆಸಿದಾಗ ಹಳದಿ ಅಥವಾ ಕಂದು ಬಣ್ಣ ಬರದೇ ಇರುವವರೆಗೆ ಮಾಡಿ. ಬೀಡಿನಿಂದ ಸ್ವಲ್ಪ ಬೂದು ಬಣ್ಣ ಯಾವಾಗಲೂ ಬರುತ್ತದೆ. ಅದಕ್ಕೆ ಚಿಂತೆ ಬೇಡ, ಅದು ಕಬ್ಬಿಣದೊಳಗಿನ ಗ್ರಾಫೈಟ್.

ಪೆಟ್ರೋಲ್ ಬಳಸಲೇಬೇಡಿ. ಅದು ತಟ್ಟನೆ ಬೆಂಕಿ ಹತ್ತಿಕೊಳ್ಳುತ್ತದೆ. ಟರ್ಪೆಂಟೈನ್ ಬಳಸುವಾಗಲೂ ಕಿಟಕಿ ಬಾಗಿಲು ತೆರೆದಿರಲಿ, ಬೀಡಿ ಸಿಗರೇಟು ದೂರ ಇರಲಿ. ಒರೆಸಿದ ಬಟ್ಟೆಗಳನ್ನು ಮುದ್ದೆ ಮಾಡಿ ಹೊಟ್ಟಿನ ರಾಶಿಗೆ ಎಸೆಯಬೇಡಿ. ಹೊರಗೆ ಹರಡಿ ಒಣಗಿಸಿ. ಅಗಸೆ ಎಣ್ಣೆ ತಾಗಿದ ಬಟ್ಟೆಯಾದರೆ ಇನ್ನೂ ಎಚ್ಚರ, ಮುದ್ದೆಯಾಗಿದ್ದರೆ ಅದು ತಾನಾಗಿಯೇ ಬಿಸಿಯಾಗಿ ಹೊತ್ತಿಕೊಳ್ಳಬಲ್ಲದು.

## ಹಂತ 5: ತುಕ್ಕು ತೆಗೆಯಿರಿ

ತುಕ್ಕಿನಲ್ಲಿ ಮೂರು ಬಗೆ ನೋಡುತ್ತೇವೆ. ಮೂರಕ್ಕೂ ಒಂದೇ ಮದ್ದು ಅಲ್ಲ.

ಕಿತ್ತಳೆ ಬಣ್ಣದ ತೆಳು ಪುಡಿ. ಬೆರಳಿಗೆ ಹತ್ತುತ್ತದೆ. ಹಸಿರು ಪ್ಯಾಡಿಗೆ ಟರ್ಪೆಂಟೈನ್ ಹಾಕಿ ತಿಕ್ಕಿದರೆ ಹತ್ತು ನಿಮಿಷದಲ್ಲಿ ಹೋಗುತ್ತದೆ. ಕಾಗದ ಬೇಕಿಲ್ಲ.

ಗಟ್ಟಿ ಕಂದು ಕಲೆ. ಬೆರಳಿಗೆ ಒರಟಾಗಿ ಸಿಗುತ್ತದೆ. ಇದಕ್ಕೆ ವಾಟರ್ ಪೇಪರ್.

1. 320ರ ಕಾಗದವನ್ನು ಮರದ ತುಂಡಿಗೆ ಸುತ್ತಿ. ಬೆರಳಿನಿಂದ ನೇರ ಒತ್ತಬೇಡಿ. ಬೆರಳು ಒತ್ತಿದ ಕಡೆ ಮಾತ್ರ ತಗ್ಗಾಗುತ್ತದೆ.

2. ಟರ್ಪೆಂಟೈನ್ ಹನಿಸಿ. ವಾಟರ್ ಪೇಪರ್ ಎಂಬ ಹೆಸರು ನೋಡಿ ನೀರು ಹಾಕಬೇಡಿ.

3. ಟೇಬಲ್ಲಿನ ಉದ್ದಕ್ಕೆ, ಅಂದರೆ ಮರ ಸಾಗುವ ದಿಕ್ಕಿಗೇ ಉಜ್ಜಿ. ವೃತ್ತಾಕಾರವಾಗಿ ಬೇಡ. ಉಳಿಯುವ ಸಣ್ಣ ಗೀರುಗಳು ಮರದ ದಾರಿಯಲ್ಲೇ ಇದ್ದರೆ ತಡೆಯುವುದಿಲ್ಲ.

4. ಕಲೆ ಇರುವಲ್ಲಿ ಮಾತ್ರ ನಿಂತು ಉಜ್ಜಬೇಡಿ. ಸುತ್ತ ಒಂದಡಿ ಜಾಗ ಸೇರಿಸಿ, ಉದ್ದನೆಯ ಎಳೆತಗಳಲ್ಲಿ ಉಜ್ಜಿ.

5. ಕೆಂಪು ಹೋದ ಮೇಲೆ 400, ಆಮೇಲೆ 600. ಒಂದು ನಂಬರಿನಿಂದ ಇನ್ನೊಂದಕ್ಕೆ ಹೋಗುವಾಗ ಪೂರ್ತಿ ಒರೆಸಿ. 600ಕ್ಕೆ ನಿಲ್ಲಿಸಿ. ಕನ್ನಡಿ ಮಾಡುವ ಆಸೆ ಬೇಡ, ಅದರಿಂದ ಜಾರುವುದೇನೂ ಹೆಚ್ಚಾಗುವುದಿಲ್ಲ.

ಕಪ್ಪು ಅಥವಾ ನೀಲಿಗಪ್ಪು ಕಲೆ. ಇದು ನನಗೆ ಮೊದಲ ಮಳೆಗಾಲದಲ್ಲೇ ಪಾಠ ಕಲಿಸಿತು. ಸಂಜೆ ಸೀಳಿದ ಹಸಿ ಹೊನ್ನೆಯ ಹಲಗೆಯನ್ನು ಟೇಬಲ್ ಮೇಲೇ ಬಿಟ್ಟು ಮನೆಗೆ ಹೋಗಿದ್ದೆ. ಬೆಳಿಗ್ಗೆ ಎತ್ತಿದರೆ ಹಲಗೆಯ ಆಕಾರಕ್ಕೇ ಸರಿಯಾಗಿ ಕಪ್ಪು ಅಚ್ಚು. ಹಲಗೆಯ ಅಡಿಯೂ ಕಪ್ಪು. ಹೊನ್ನೆ, ಜಾಲಿಯಂಥ ಮರಗಳಲ್ಲಿ ಒಗರು ಜಾಸ್ತಿ. ಹಸಿ ಮರದ ಒಗರು ಕಬ್ಬಿಣದ ಜೊತೆ ಸೇರಿದರೆ ಮಸಿಯಾಗುತ್ತದೆ. ಹಿಂದಿನವರು ಬರೆಯುವ ಶಾಯಿ ಮಾಡುತ್ತಿದ್ದದ್ದೂ ಒಗರು ಮತ್ತು ಕಬ್ಬಿಣದ ಉಪ್ಪು ಸೇರಿಸಿಯೇ. ಈ ಕಲೆ ಕೈಗೆ ನುಣ್ಣಗಿದ್ದರೆ ಹಾಗೇ ಬಿಡಿ. ನೋಡಲು ಚೆನ್ನಾಗಿಲ್ಲ ನಿಜ, ಆದರೆ ಮರ ಅದರ ಮೇಲೆ ಆರಾಮಾಗಿ ಜಾರುತ್ತದೆ. ಅದನ್ನು ಪೂರ್ತಿ ತೆಗೆಯುತ್ತೇನೆಂದು ಹೊರಟರೆ ಒಳ್ಳೆಯ ಕಬ್ಬಿಣ ಸವೆದುಹೋಗುತ್ತದೆ. ಹಳೆ ತುಕ್ಕು ಕೊರೆದ ಸಣ್ಣ ಗುಳಿಗಳಿಗೂ ಇದೇ ಮಾತು. ಗುಳಿಯೊಳಗಿನ ಕೆಂಪು ಹೋದರೆ ಸಾಕು, ಗುಳಿ ಇರಲಿ.

### ಇಲ್ಲಿ ಆಗುವ ದೊಡ್ಡ ತಪ್ಪುಗಳು

ಆಂಗಲ್ ಗ್ರೈಂಡರ್ ಹಿಡಿಯುವುದು ಮೊದಲನೆಯದು. ಅದಕ್ಕೆ ಹಾಕುವ ಫ್ಲಾಪ್ ಡಿಸ್ಕ್ (ಉಪ್ಪು ಕಾಗದದ ತುಂಡುಗಳ ಚಕ್ರ) ಎರಡು ಸೆಕೆಂಡ್ ಒಂದೇ ಕಡೆ ನಿಂತರೂ ತಗ್ಗು ಬೀಳುತ್ತದೆ. ಆ ತಗ್ಗನ್ನು ನೀವು ಮತ್ತೆ ತುಂಬಿಸಲು ಆಗುವುದಿಲ್ಲ. ತುಕ್ಕು ವಿಪರೀತ ಇದ್ದರೆ ಆರ್ಬಿಟಲ್ ಸ್ಯಾಂಡರಿಗೆ 320ರ ಡಿಸ್ಕ್ ಹಾಕಿ, ನಿಲ್ಲಿಸದೆ ಓಡಿಸಬಹುದು. ಆದರೆ ಟರ್ಪೆಂಟೈನ್ ಇಲ್ಲದೆ, ಒಣಗಿಯೇ ಓಡಿಸಿ. ಕರೆಂಟಿನ ಮಷೀನಿನ ಹತ್ತಿರ ಟರ್ಪೆಂಟೈನ್ ಆವಿ ಬೇಡ.

ಎರಡನೆಯದು ಹುಳಿ. ನಿಂಬೆ, ಹುಣಸೆ, ವಿನೆಗರ್ ತುಕ್ಕನ್ನು ಕರಗಿಸುತ್ತವೆ, ಸುಳ್ಳಲ್ಲ. ಸಣ್ಣ ಉಳಿ, ಬೋಲ್ಟ್ ನೆನೆಹಾಕಲು ಸರಿ. ಟೇಬಲ್‌ಗೆ ಬೇಡ. ಹುಳಿ ಒಳ್ಳೆಯ ಕಬ್ಬಿಣವನ್ನೂ ತಿಂದು ಮೇಲ್ಮೈಯನ್ನು ಒರಟು ಮಾಡುತ್ತದೆ. ಪೂರ್ತಿ ತೊಳೆಯದಿದ್ದರೆ ಗಂಟೆಯೊಳಗೆ ಹೊಸ ತುಕ್ಕು. ಬಚ್ಚಲು ತೊಳೆಯುವ ಆಸಿಡ್ ಅಂತೂ ಶೆಡ್ಡಿನ ಒಳಗೇ ತರಬೇಡಿ. ಅದರ ಹೊಗೆಯೇ ಗೋಡೆಗೆ ನೇತುಹಾಕಿದ ಗರಗಸ, ಉಳಿಗಳಿಗೆಲ್ಲ ತುಕ್ಕು ಹಿಡಿಸುತ್ತದೆ.

## ಹಂತ 6: ಮತ್ತೆ ಒರೆಸಿ, ಪೂರ್ತಿ ಒಣಗಿಸಿ

ಟರ್ಪೆಂಟೈನ್ ಒಣಗಿದ ಮೇಲೂ ಕಬ್ಬಿಣದ ಪುಡಿ ಬೆರೆತ ತೆಳು ಜಿಡ್ಡು ಉಳಿದಿರುತ್ತದೆ. ಹಾಗಾಗಿ ಸ್ಪಿರಿಟ್ ಹಾಕಿದ ಶುದ್ಧ ಬಟ್ಟೆಯಲ್ಲಿ ಎರಡು ಸಲ ಒರೆಸಿ. ಸ್ಪಿರಿಟ್ ಬೇಗ ಆರುತ್ತದೆ, ಹೋಗುವಾಗ ಸ್ವಲ್ಪ ತೇವವನ್ನೂ ಒಯ್ಯುತ್ತದೆ. ಇದು ಆದ ಮೇಲೆ ಬರಿಗೈ ಇಡಬೇಡಿ. ಬೆವರಿನಲ್ಲಿ ಉಪ್ಪಿದೆ. ಐದು ಬೆರಳಿನ ಅಚ್ಚು ಮರುದಿನ ತುಕ್ಕಿನಲ್ಲಿ ಮೂಡುತ್ತದೆ.

ಕಾಲು ಗಂಟೆ ಫ್ಯಾನ್ ಗಾಳಿಗೆ ಬಿಡಿ. ಮಳೆಗಾಲವಾದರೆ ವಾಸನೆ ಪೂರ್ತಿ ಹೋದ ಮೇಲೆ ಹೇರ್ ಡ್ರೈಯರ್ ಹಿಡಿದು ಕಬ್ಬಿಣ ಕೈಗೆ ಬೆಚ್ಚಗೆ ತಾಗುವಷ್ಟು ಮಾಡಿ. ವಾಸನೆ ಇದ್ದಾಗ ಹಿಡಿದರೆ ಬೆಂಕಿ. ಈ ಒಂದು ವಿಷಯದಲ್ಲಿ ಅವಸರ ಮಾಡಬೇಡಿ ಎಂದು ಕೈಮುಗಿದು ಕೇಳುತ್ತೇನೆ.

ಒಣಗಿದ ಮೇಲೆ ಮಾತ್ರ ತಡ ಮಾಡಬಾರದು. ಊಟಕ್ಕೆ ಹೋಗಿ ಬಂದು ಮೇಣ ಹಚ್ಚುತ್ತೇನೆ ಎಂದರೆ ಕರಾವಳಿಯಲ್ಲಿ ಆಗುವ ಮಾತಲ್ಲ. ಬರಿ ಕಬ್ಬಿಣಕ್ಕೆ ಅರ್ಧ ಗಂಟೆಯೊಳಗೆ ಮೊದಲ ಕೈ ಮೇಣ ಬೀಳಬೇಕು.

## ಹಂತ 7: ಮೇಣ ಹಚ್ಚಿ, ಉಜ್ಜಿ ತೆಗೆಯಿರಿ

ಯಾವ ಮೇಣ ಎಂಬುದಕ್ಕಿಂತ ಯಾವುದು ಬೇಡ ಎಂಬುದು ಮುಖ್ಯ. ಸಿಲಿಕೋನ್ ಇರುವುದು ಬೇಡ. ಕಾರಿನ ಪಾಲಿಶ್, ಡ್ಯಾಶ್‌ಬೋರ್ಡ್ ಸ್ಪ್ರೇಗಳಲ್ಲಿ ಇದು ಇರುತ್ತದೆ. ಟೇಬಲ್ ಅದ್ಭುತವಾಗಿ ಜಾರುತ್ತದೆ, ಆದರೆ ಸಿಲಿಕೋನ್ ಮರಕ್ಕೆ ಹತ್ತಿದರೆ ಅಲ್ಲಿ ಪಾಲಿಶ್ ಹಿಂದೆ ಸರಿದು ಸಣ್ಣ ಸಣ್ಣ ಗುಳಿ ಬೀಳುತ್ತದೆ. ತಿಂಗಳ ಕೆಲಸ ಕೊನೆಯ ದಿನ ಹಾಳು. ಡಬ್ಬಿಯ ಮೇಲೆ ಬರೆದಿದ್ದನ್ನು ಓದಿ. ಗೊತ್ತಾಗದಿದ್ದರೆ ತರಬೇಡಿ. ಉಜ್ಜುವ ಪುಡಿ ಸೇರಿದ ಪಾಲಿಶ್, ಬಣ್ಣ ಸೇರಿದ ನೆಲದ ಪಾಲಿಶ್ ಎರಡೂ ಬೇಡ.

ಕಾರ್ನೌಬಾ ಮೇಣ (ಒಂದು ಜಾತಿಯ ತಾಳೆ ಎಲೆಯಿಂದ ಬರುವುದು) ಗಟ್ಟಿ, ಅದು ಕರಗುವುದು 80 ಡಿಗ್ರಿ ದಾಟಿದ ಮೇಲೆ. ಜೇನುಮೇಣ 62ರಿಂದ 64 ಡಿಗ್ರಿಗೆ ಕರಗುತ್ತದೆ, ಅದಕ್ಕೂ ಎಷ್ಟೋ ಮೊದಲೇ ಮೆತ್ತಗಾಗುತ್ತದೆ. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಬಿಸಿಲು ಬೀಳುವ ಶೆಡ್ಡಿನಲ್ಲಿ ಬರೀ ಜೇನುಮೇಣ ಅಂಟಂಟಾಗುತ್ತದೆ. ಅಲ್ಲಿಯವರು ಕಾರ್ನೌಬಾ ಸೇರಿದ ಪೇಸ್ಟ್ ಹುಡುಕಿ. ಕರಾವಳಿ, ಮಲೆನಾಡಿಗೆ ಜೇನುಮೇಣವೂ ನಡೆಯುತ್ತದೆ.

ಮನೆಯಲ್ಲೇ ಮಾಡುವುದಾದರೆ ತೂಕದಲ್ಲಿ ಒಂದು ಪಾಲು ಜೇನುಮೇಣ, ಮೂರು ಪಾಲು ಟರ್ಪೆಂಟೈನ್. ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಮೇಣ ಕರಗಿಸಿ. ಒಲೆ ಆರಿಸಿ. ಪಾತ್ರೆಯನ್ನು ಅಂಗಳಕ್ಕೆ ತನ್ನಿ. ಆಮೇಲಷ್ಟೇ ಟರ್ಪೆಂಟೈನ್ ನಿಧಾನ ಸುರಿದು ಕಲಕಿ. ಉರಿಯುವ ಒಲೆಯ ಹತ್ತಿರ ಟರ್ಪೆಂಟೈನ್ ಸುರಿದರೆ ಮನೆಯೇ ಹೊತ್ತಿಕೊಳ್ಳಬಹುದು. ಆರಿದ ಮೇಲೆ ಗಟ್ಟಿ ತುಪ್ಪದ ಹದಕ್ಕೆ ಬರುತ್ತದೆ. ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿಡಿ.

1. ಮೇಣವನ್ನು ಬಟ್ಟೆಯಲ್ಲಿ ತೆಗೆದುಕೊಂಡು ಆದಷ್ಟು ತೆಳುವಾಗಿ ಹಚ್ಚಿ. ದೋಸೆಕಲ್ಲಿಗೆ ಎಣ್ಣೆ ಸವರುವಷ್ಟು ಸಾಕು. ಗುಳಿ, ಅಂಚು, ಮೂಲೆ ಬಿಡಬೇಡಿ.

2. ಹತ್ತರಿಂದ ಹದಿನೈದು ನಿಮಿಷ ಬಿಡಿ. ಮಂಜು ಕವಿದ ಗಾಜಿನಂತೆ ಮಸುಕಾಗುತ್ತದೆ.

3. ಒಣ ಬಟ್ಟೆಯಲ್ಲಿ ಜೋರಾಗಿ ಉಜ್ಜಿ. ಬಟ್ಟೆ ಮೊದಲು ತಡೆಯುತ್ತದೆ, ಆಮೇಲೆ ಒಮ್ಮೆಲೇ ಹಗುರವಾಗಿ ಓಡುತ್ತದೆ. ಆ ಬದಲಾವಣೆ ಕೈಗೆ ಗೊತ್ತಾಗುವವರೆಗೆ ಬಿಡಬೇಡಿ.

4. ಒಂದು ಗಂಟೆ ಬಿಟ್ಟು ಎರಡನೇ ಕೈ. ಹೊಸದಾಗಿ ತುಕ್ಕು ತೆಗೆದ ಟೇಬಲ್ ಆದರೆ ಮರುದಿನ ಮೂರನೇ ಕೈ.

ದಪ್ಪ ಹಚ್ಚಿದರೆ ಜಾಸ್ತಿ ದಿನ ಬರುತ್ತದೆ ಎಂಬುದು ತಪ್ಪು ಲೆಕ್ಕ. ಉಜ್ಜಿ ತೆಗೆಯದ ಮೇಣ ಜಾರುವುದಿಲ್ಲ, ಹಿಡಿಯುತ್ತದೆ. "ಎರಡೇ ದಿನಕ್ಕೆ ಅಂಟಂಟು" ಎನ್ನುವವರ ಟೇಬಲ್ ಮೇಲೆ ಉಗುರಿನಿಂದ ಗೀರಿ ನೋಡಿ, ಬಿಳಿ ಮೇಣ ಉಗುರಿಗೆ ಬರುತ್ತದೆ.

ಕೇರಂ ಪೌಡರ್ ಉದುರಿಸುವವರಿಗೆ ಒಂದು ಮಾತು. ಅದು ಆ ಹೊತ್ತಿಗೆ ಜಾರಿಸುತ್ತದೆ, ತುಕ್ಕು ತಡೆಯುವುದಿಲ್ಲ, ಮೈಟರ್ ಗೇಜ್ ಓಡುವ ತೋಡುಗಳಲ್ಲಿ ಹೋಗಿ ಕೂರುತ್ತದೆ. ಕೆಲಸದ ನಡುವೆ ತುರ್ತಿಗೆ ಬೇಕಾದರೆ ಮಷೀನ್ ನಿಲ್ಲಿಸಿ, ಪ್ಲಗ್ ಕಿತ್ತು, ಬಿಳಿ ಮೇಣದಬತ್ತಿಯಿಂದ ನಾಲ್ಕು ಗೆರೆ ಎಳೆದು ಬಟ್ಟೆಯಲ್ಲಿ ಉಜ್ಜಿ. ಸಂಜೆವರೆಗೆ ನಡೆಯುತ್ತದೆ.

## ಹಂತ 8: ತೋಡು, ಫೆನ್ಸ್, ಅಡಿಭಾಗ

ಟೇಬಲ್ ಜಾರಿದರೂ ಫೆನ್ಸ್ ಮುಖ ಹಿಡಿಯುತ್ತಿದ್ದರೆ ಮರ ತಿರುಗುತ್ತದೆ. ಫೆನ್ಸಿನ ಮುಖ, ಅದು ಜಾರುವ ಕಂಬಿ, ಬ್ಲೇಡ್ ಸುತ್ತಲಿನ ಪ್ಲೇಟ್, ಮೈಟರ್ ಗೇಜಿನ ಪಟ್ಟಿ, ಇವಕ್ಕೂ ಮೇಣ ಹಚ್ಚಿ ಉಜ್ಜಿ. ತೋಡಿನ ಮೂಲೆಯ ಗಟ್ಟಿ ಹೊಟ್ಟನ್ನು ಬಿದಿರು ಕಡ್ಡಿಯಿಂದ ಕೆರೆದು, ಟೂತ್‌ಬ್ರಶ್ಶಿನಲ್ಲಿ ಮೇಣ ಹಚ್ಚಿ. ಮೈಟರ್ ಗೇಜ್ ಅಲುಗಾಡದೆ, ಆದರೆ ತಡೆಯದೆ ಓಡಬೇಕು.

ಬ್ಲೇಡ್ ಬಿಚ್ಚಿದ್ದರೆ ಬೆಚ್ಚಗಿನ ಸೋಪು ನೀರಿನಲ್ಲಿ ಕಾಲು ಗಂಟೆ ನೆನೆಸಿ, ಹಲ್ಲಿನ ಬದಿಯ ಕಂದು ರಾಳವನ್ನು ಟೂತ್‌ಬ್ರಶ್ಶಿನಲ್ಲಿ ತಿಕ್ಕಿ, ತಕ್ಷಣ ಒರೆಸಿ ಒಣಗಿಸಿ. ರಾಳ ಮೆತ್ತಿದ ಬ್ಲೇಡನ್ನು ಮೊಂಡಾಗಿದೆ ಎಂದುಕೊಂಡು ಸಾಣೆಗೆ ಕಳಿಸುವವರು ತುಂಬಾ ಜನ. ಮೊದಲು ತೊಳೆದು ನೋಡಿ.

ಅಡಿಯಲ್ಲಿ ಬ್ಲೇಡ್ ಏರಿಳಿಸುವ ಗೇರಿಗೆ ಗ್ರೀಸ್ ಮೆತ್ತಬೇಡಿ. ಗ್ರೀಸಿಗೆ ಹೊಟ್ಟು ಸೇರಿ ಕಲ್ಲಿನಂತಾಗುತ್ತದೆ. ಬ್ರಶ್ಶಿನಲ್ಲಿ ಗುಡಿಸಿ, ಮೇಣ ಅಥವಾ ಗ್ರಾಫೈಟ್ ಪುಡಿಯಂಥ ಒಣ ಜಾರುಕ ಹಾಕಿ.

## ಹಂತ 9: ಅಳೆದು ನೋಡಿ, ಆಮೇಲೆ ಓಡಿಸಿ

ಹಂತ 2ರ ಅದೇ ಹಲಗೆ, ಅದೇ ಬಾಟಲಿ, ಅದೇ ತಕ್ಕಡಿ. ಮುಳ್ಳು ತೋರಿಸುವ ತೂಕ ಮೊದಲಿಗಿಂತ ಚೆನ್ನಾಗಿ ಕಡಿಮೆಯಾಗಬೇಕು. ಒಂದೇ ಜಾಗದಲ್ಲಿ ಇನ್ನೂ ತಡೆದರೆ ಅಲ್ಲಿ ಉಜ್ಜುವುದು ಸಾಲಲಿಲ್ಲ ಎಂದರ್ಥ.

ಟೇಪ್ ಕಿತ್ತು, ಪ್ಲೇಟ್, ಬ್ಲೇಡ್, ಬ್ಲೇಡಿನ ಹಿಂದಿನ ಕತ್ತಿ (ಸೀಳಿದ ಮರ ಕೂಡಿಕೊಂಡು ಬ್ಲೇಡನ್ನು ಹಿಡಿಯದಂತೆ ತಡೆಯುವ ತಗಡು) ಎಲ್ಲ ಮತ್ತೆ ಕೂರಿಸಿ. ಪ್ಲೇಟ್ ಟೇಬಲ್ ಮಟ್ಟಕ್ಕಿಂತ ಮೇಲೆದ್ದಿದ್ದರೆ ಮರದ ತುದಿ ಅದಕ್ಕೆ ತಾಗಿ ನಿಲ್ಲುತ್ತದೆ. ಬೆರಳು ಸವರಿ ನೋಡಿ. ಬ್ಲೇಡಿನ ಒಂದು ಹಲ್ಲಿಗೆ ಗುರುತು ಹಾಕಿ, ಆ ಹಲ್ಲಿಗೂ ಮೈಟರ್ ತೋಡಿಗೂ ಇರುವ ದೂರವನ್ನು ಮುಂದೆ ಒಮ್ಮೆ, ಅದೇ ಹಲ್ಲನ್ನು ಹಿಂದಕ್ಕೆ ತಿರುಗಿಸಿ ಇನ್ನೊಮ್ಮೆ ಅಳೆಯಿರಿ. ವ್ಯತ್ಯಾಸ 0.1 ಮಿಲಿಮೀಟರ್ ಒಳಗಿದ್ದರೆ ಚೆನ್ನ. ಜಾಸ್ತಿ ಇದ್ದರೆ ಎಷ್ಟು ಮೇಣ ಹಚ್ಚಿದರೂ ಮರ ಸುಡುತ್ತದೆ. ಅದು ಟೇಬಲ್ ತಪ್ಪಲ್ಲ, ಜೋಡಣೆಯ ತಪ್ಪು.

ಎಲ್ಲ ವಾಸನೆ ಹೋದ ಮೇಲೇ ಪ್ಲಗ್ ಹಾಕಿ. ಓಡುವ ಮಷೀನಿನ ಹತ್ತಿರ ಗ್ಲೌಸ್ ಬೇಡ. ಮೊದಲ ಸೀಳಿಗೆ ಬೇಡದ ಮರ ಬಳಸಿ. ಟೇಬಲ್ ಮೊದಲಿನಂತೆ ತಡೆಯುವುದಿಲ್ಲವಾದ್ದರಿಂದ ನಿಮ್ಮ ಕೈ ಹಳೆ ಅಭ್ಯಾಸದಲ್ಲಿ ಜೋರಾಗಿ ತಳ್ಳಿಬಿಡುತ್ತದೆ. ಪುಶ್ ಸ್ಟಿಕ್ (ಕೈ ಬ್ಲೇಡಿನಿಂದ ದೂರ ಇರಲೆಂದು ಮರ ತಳ್ಳುವ ಕೋಲು) ಹಿಡಿದೇ ತಳ್ಳಿ.

## ಮಳೆಗಾಲದ ದಿನಚರಿ

ಕರಾವಳಿ, ಮಲೆನಾಡಿನಲ್ಲಿ ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಹಂತ 7ರಂತೆ ಒಂದೇ ಕೈ ಮೇಣ ಹಚ್ಚಿ ಉಜ್ಜಿ, ಅರ್ಧ ಗಂಟೆ ಕೆಲಸ. ಒಣ ಊರುಗಳಲ್ಲಿ ಎರಡು ತಿಂಗಳಿಗೊಮ್ಮೆ ಸಾಕು. ಮೇ ಕೊನೆಯಲ್ಲಿ, ಮೊದಲ ಮಳೆಗೆ ಮುಂಚೆ, ಎಲ್ಲ ಹಂತಗಳನ್ನೂ ಒಂದು ಸಲ ಪೂರ್ತಿ ಮಾಡಿಕೊಂಡರೆ ಉಳಿದ ನಾಲ್ಕು ತಿಂಗಳು ನೆಮ್ಮದಿ.

ಪ್ಲಾಸ್ಟಿಕ್ ಟಾರ್ಪಾಲಿನ್ ಹೊದಿಸಿ ಬಿಡುವುದು ನಮ್ಮ ಕಡೆ ದೊಡ್ಡ ತಪ್ಪು. ಒಳಗಿನ ತೇವ ಹೊರಗೆ ಹೋಗದೆ ಟೇಬಲ್ ಮೇಲೆಯೇ ಹನಿಗಟ್ಟುತ್ತದೆ. ದಪ್ಪ ಹತ್ತಿ ಬಟ್ಟೆ ಹೊದಿಸಿ. ಮಾಡು ಸೋರುವ ಭಯವಿದ್ದರೆ ಟಾರ್ಪಾಲಿನ್ನನ್ನು ಟೇಬಲ್‌ಗೆ ತಾಗದಂತೆ ಒಂದೆರಡು ಅಡಿ ಮೇಲೆ ಕಟ್ಟಿ. ಬಟ್ಟೆ ಒದ್ದೆಯಾದರೆ ಅಂದೇ ಬದಲಿಸಿ, ಒದ್ದೆ ಬಟ್ಟೆ ಟಾರ್ಪಾಲಿನ್‌ಗಿಂತ ಕೆಟ್ಟದ್ದು. ಬೆಚ್ಚಗಿರಲಿ ಎಂದು ಕೆಲವರು ಟೇಬಲ್ ಅಡಿಯ ಪೆಟ್ಟಿಗೆಯೊಳಗೆ ಬಲ್ಬ್ ಉರಿಸಿಡುತ್ತಾರೆ. ಹೊಟ್ಟು ಕೂತ ಜಾಗದಲ್ಲಿ ಬಿಸಿ ಬಲ್ಬ್ ಬೇಡವೇ ಬೇಡ.

ಟೇಬಲ್ ಮೇಲೆ ಚಹಾ ಲೋಟ ಇಡಬೇಡಿ, ಊಟದ ಬುತ್ತಿ ಬಿಚ್ಚಬೇಡಿ, ಫೆವಿಕಾಲ್ ಹಚ್ಚುವ ಕೆಲಸ ಮಾಡಲೇಬೇಕಾದರೆ ಹಳೆ ಪೇಪರ್ ಹಾಸಿ. ಹಸಿ ಮರ ಸೀಳಿದ ದಿನ ಸಂಜೆ ಒಣ ಬಟ್ಟೆಯಲ್ಲಿ ಒರೆಸದೆ ಬಾಗಿಲು ಹಾಕಬೇಡಿ.

## ಈ ಗುರುತು ಕಂಡರೆ ಕೆಲಸ ನಿಲ್ಲಿಸಿ

ಮರ ಒಂದೇ ಸಮ ಹೋಗದೆ ನಿಂತು ನಿಂತು ಹೋಗುತ್ತಿದೆ: ಮೇಣ ಸವೆದಿದೆ ಅಥವಾ ಜಿಡ್ಡು ಕೂತಿದೆ.

ತೇಗ, ಬಿಳಿ ಮರಗಳ ಅಡಿಯಲ್ಲಿ ಬೂದು ಗೆರೆ ಬೀಳುತ್ತಿದೆ: ಬರಿ ಲೋಹ ಮರಕ್ಕೆ ತಾಗುತ್ತಿದೆ. ಹಂತ 6, 7 ಮತ್ತೆ ಮಾಡಿ.

ಬೆಳಿಗ್ಗೆ ಟೇಬಲ್ ಮೇಲೆ ಕೈ ಸವರಿದರೆ ಅಂಗೈ ಕಿತ್ತಳೆ: ಇಂದೇ ಹಸಿರು ಪ್ಯಾಡ್ ಹಿಡಿಯಿರಿ. ಇಂದು ಹತ್ತು ನಿಮಿಷದ ಕೆಲಸ, ತಿಂಗಳು ಬಿಟ್ಟರೆ ಅರ್ಧ ದಿನದ್ದು.

ಸೀಳಿದ ಅಂಚು ಒಂದೇ ಬದಿ ಸುಟ್ಟಿದೆ, ಮರ ಫೆನ್ಸಿಗೆ ಒತ್ತಿಕೊಳ್ಳುತ್ತಿದೆ: ಮೇಣದ ಡಬ್ಬಿ ಮುಟ್ಟಬೇಡಿ. ಪ್ಲಗ್ ಕಿತ್ತು ಫೆನ್ಸಿನ ಹಿಂತುದಿ ಬ್ಲೇಡಿನ ಕಡೆ ವಾಲಿದೆಯೇ ಅಳೆಯಿರಿ. ಮುಂದಿನ ಅಳತೆಗಿಂತ ಹಿಂದಿನದು ಕಡಿಮೆ ಇದ್ದರೆ ಮರ ಫೆನ್ಸಿಗೂ ಬ್ಲೇಡಿಗೂ ನಡುವೆ ಸಿಕ್ಕಿಕೊಳ್ಳುತ್ತದೆ. ಅದು ಸರಿಯಾಗುವವರೆಗೆ ಒಂದು ಸೀಳೂ ಬೇಡ.